ಜ್ವಾಲಾಮುಖಿ ಮಣ್ಣು ಅಂತಾರೆ, ನಮ್ಮ ಮಡ್ಡಿಯಲ್ಲಿ ಹುಲ್ಲೂ ಏಳುವುದಿಲ್ಲ ಯಾಕೆ?

ಪ್ರಶ್ನೆ: ನಮ್ಮದು ಸಾಂಗಲಿ ಜಿಲ್ಲೆ, ಜತ್ತ ತಾಲೂಕು. ಗುಡ್ಡದ ಮಗ್ಗುಲಲ್ಲಿ 12 ಎಕರೆ ಮಡ್ಡಿ ಹೊಲ ಇದೆ. ಮೇಲೆಲ್ಲ ಕರಿ ಕಲ್ಲು, ಕೆಳಗೆ ಗರಸು (ಕಲ್ಲು ಚೂರಿನ ಒರಟು ಮಣ್ಣು). ಉತಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಪೋಟಖರಾಬ ಅಂತ ಬರೆದಿದೆ. ನಮ್ಮ ಹಳ್ಳ ಮುಂದೆ ಡೋಣಿ ನದಿಗೆ ಸೇರುತ್ತದೆ. ಅಪ್ಪ 40 ಕುರಿ ಸಾಕಿದ್ದಾರೆ. ಜ್ವಾಲಾಮುಖಿಯ ಮಣ್ಣು ಬಹಳ ಫಲವತ್ತು ಅಂತ ಶಾಲೆಯಲ್ಲಿ ಓದಿದ್ದೆ. ನಮ್ಮ ಕಲ್ಲೂ ಜ್ವಾಲಾಮುಖಿಯದೇ ಅಂತಾರೆ. ಹಾಗಾದರೆ ಇಲ್ಲಿ ಹುಲ್ಲೂ ನೆಟ್ಟಗೆ ಏಳುವುದಿಲ್ಲ ಯಾಕೆ? ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಎಲ್ಲ ‘ಮಧ್ಯಮ’ ಅಂತ ಬಂದಿದೆ. ಜೆಸಿಬಿ ಹಚ್ಚಿ, ಕಲ್ಲು ಆರಿಸಿ, ಕೆರೆ ಹೂಳು ಹೊಡೆಸಿ ದಾಳಿಂಬೆ ಹಚ್ಚಬೇಕು ಅಂತ ನನ್ನ ಆಸೆ. ಅಪ್ಪ ಬೇಡ ಅಂತಾರೆ. ಏನು ಮಾಡಲಿ?

ಉತ್ತರ: ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಲ್ಲು ಆರಿಸಬೇಡಿ. ಜೆಸಿಬಿಯವನಿಗೆ ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ. ದಾಳಿಂಬೆ ಆಸೆಯನ್ನು ಪೂರ್ತಿ ಬಿಡಬೇಕಿಲ್ಲ, ಆದರೆ 12 ಎಕರೆಯ ಆಸೆಯನ್ನು ಒಂದೂವರೆ ಎರಡು ಎಕರೆಗೆ ಇಳಿಸಬೇಕು. ಹಾಗಂತ ನಿಮ್ಮ ಅಪ್ಪನೇ ಪೂರ್ತಿ ಸರಿ ಅಂತಲೂ ಅಲ್ಲ. ಅದನ್ನು ಕುರಿ ಲೆಕ್ಕಕ್ಕೆ ಬಂದಾಗ ಹೇಳುತ್ತೇನೆ.

ನಿಮ್ಮ ಕಾಲಡಿಯ ಕಲ್ಲು ಜ್ವಾಲಾಮುಖಿಯದೇ, ಅನುಮಾನ ಬೇಡ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಹರಿಯಿತು. ಚಿತ್ರದಲ್ಲಿ ನೋಡುವ ಹಾಗೆ ಒಂದು ಚೂಪು ಬೆಟ್ಟ ಸಿಡಿದು ಹೊಗೆ ಕಾರಿದ್ದಲ್ಲ. ಉದ್ದುದ್ದ ಬಿರುಕುಗಳಿಂದ ಉಕ್ಕಿದ ಲಾವಾ, ಹೊಲಕ್ಕೆ ನೀರು ಬಿಟ್ಟಂತೆ ಹರಡಿ ಗಟ್ಟಿಯಾಯಿತು. ಅದರ ಮೇಲೆ ಮತ್ತೊಂದು ಹರಿವು, ಅದರ ಮೇಲೆ ಇನ್ನೊಂದು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಈ ಕಲ್ಲಿನ ಕೆಳಗೇ ಇದೆ. ಸಹ್ಯಾದ್ರಿಯ ಕಡೆ ಬಹಳ ದಪ್ಪ, ನಮ್ಮ ಕಡೆ ಬರುತ್ತಾ ತೆಳುವಾಗುತ್ತದೆ. ಜತ್ತದ ಗುಡ್ಡಗಳು ಮೇಲೆ ಚಪ್ಪಟೆ, ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲು ಇರುವುದು ಈ ಪದರಗಳಿಂದ. ಭೂಗರ್ಭದವರು ಇದಕ್ಕೆ ‘ಡೆಕ್ಕನ್ ಟ್ರ್ಯಾಪ್’ ಅನ್ನುತ್ತಾರೆ. ಟ್ರ್ಯಾಪ್ ಅಂದರೆ ಇಲ್ಲಿ ಬಲೆ ಅಲ್ಲ. ಸ್ವೀಡನ್ ದೇಶದ ಭಾಷೆಯಲ್ಲಿ ಮೆಟ್ಟಿಲು ಅನ್ನುವ ಶಬ್ದದಿಂದ ಬಂದದ್ದು.

ಶಾಲೆಯ ಪುಸ್ತಕ ಹೇಳುವ ಫಲವತ್ತಾದ ಜ್ವಾಲಾಮುಖಿ ಮಣ್ಣು ಬಹುಮಟ್ಟಿಗೆ ಬೂದಿಯಿಂದ ಆದದ್ದು. ಜಾವಾ, ಜಪಾನ್ ಕಡೆ ಬೆಟ್ಟ ಸಿಡಿದಾಗ ಬೀಳುವ ಬೂದಿ ಗಾಜಿನ ಪುಡಿಯಂತೆ ಸಣ್ಣಗೆ ಇರುತ್ತದೆ. ಅಲ್ಲಿ ಮಳೆಯೂ ಜೋರು. ಬೇಗ ಕರಗಿ ಮೆತ್ತಗಿನ, ಸ್ಪಂಜಿನಂತೆ ನೀರು ಹಿಡಿಯುವ ಮಣ್ಣಾಗುತ್ತದೆ. ನಿಮ್ಮಲ್ಲಿ ಬಿದ್ದದ್ದು ಬೂದಿಯಲ್ಲ, ಇಡೀ ಬಂಡೆ. ಅದರ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಆಚೀಚೆ ಮಳೆ. ಸಹ್ಯಾದ್ರಿಯ ಬೆನ್ನ ಹಿಂದೆ ಕೂತವರು ನಾವು. ಮೋಡ ತನ್ನ ಸರಕನ್ನೆಲ್ಲ ಮಹಾಬಳೇಶ್ವರದಲ್ಲಿ ಇಳಿಸಿ ಖಾಲಿ ಕೈಯಲ್ಲಿ ಈ ಕಡೆ ಬರುತ್ತದೆ. ಇಷ್ಟು ಒಣ ಸೀಮೆಯಲ್ಲಿ ಬಂಡೆ ಒಂದು ಇಂಚು ಮಣ್ಣಾಗಲು ನೂರಾರು ವರ್ಷ ಬೇಕು.

ಆದರೂ ಪುಸ್ತಕ ಸುಳ್ಳು ಹೇಳಿಲ್ಲ. ಈ ಕರಿಕಲ್ಲಿನಲ್ಲಿ ಸುಣ್ಣ, ಮ್ಯಾಗ್ನೀಸಿಯಂ, ಕಬ್ಬಿಣ ಧಾರಾಳವಾಗಿವೆ. ಇದು ಪೂರ್ತಿ ಕೊಳೆತರೆ ಎರಿ ಮಣ್ಣಾಗುತ್ತದೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದಲ್ಲ, ಅದೇ ಎರಿ. ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಅನ್ನುವ ಮಾತು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಡೋಣಿ ಹುಟ್ಟುವುದು ನಿಮ್ಮ ತಾಲೂಕಿನಲ್ಲೇ. ಹುಟ್ಟಿದ ಕಡೆ ಕಾಳಿಲ್ಲ, ವಿಜಯಪುರ ಜಿಲ್ಲೆಗೆ ಇಳಿದ ಮೇಲೆ ಓಣಿ ತುಂಬ ಕಾಳು! ಇದು ಹಣೆಬರಹ ಅಲ್ಲ, ಇಳಿಜಾರು. ನಿಮ್ಮ ಮಡ್ಡಿಯಲ್ಲಿ ಕಲ್ಲು ಕೊಳೆತು ಆದ ಸಣ್ಣ ಮಣ್ಣು ಸಾವಿರಾರು ವರ್ಷ ಕೊಚ್ಚಿ ಹೋಗಿ ಅಲ್ಲಿ ಕೂತಿದೆ. ಹೋಗಲಾರದ್ದು ಮಾತ್ರ ನಿಮ್ಮಲ್ಲಿ ಉಳಿದಿದೆ. ಅದೇ ಗರಸು.

ಮಣ್ಣಷ್ಟೇ ಅಲ್ಲ, ಉಪ್ಪೂ ಹಾಗೇ ಇಳಿದು ಹೋಗಿದೆ. ಡೋಣಿಯ ನೀರು ಸವಳು ಅನ್ನುವುದು ಅದರ ದಂಡೆಯವರಿಗೆಲ್ಲ ಗೊತ್ತು. ಮಳೆ ನೀರೂ ಇಳಿಯುತ್ತದೆ. ಇನ್ನೊಂದು ಸಂಗತಿ ಸಾಮಾನ್ಯವಾಗಿ ಯಾರೂ ಲೆಕ್ಕ ಹಿಡಿಯುವುದಿಲ್ಲ: ಗೊಬ್ಬರ. ಕುರಿ ಹಗಲೆಲ್ಲ ಮಡ್ಡಿಯಲ್ಲಿ ಮೇಯುತ್ತವೆ. ರಾತ್ರಿ ಎಲ್ಲಿ ತರುಬುತ್ತಾರೆ? ಕೆಳಗಿನ ಎರಿ ಹೊಲದಲ್ಲಿ. ಹೊಲದವರು ಕುರುಬರಿಗೆ ಕಾಳೋ ದುಡ್ಡೋ ಕೊಡುತ್ತಾರೆ, ವ್ಯವಹಾರ ಸರಿಯೇ. ಆದರೆ ಮಡ್ಡಿಯ ಲೆಕ್ಕದಲ್ಲಿ ನೋಡಿದರೆ, ಹುಲ್ಲಿನ ರೂಪದಲ್ಲಿ ಮೇಲಿನ ಸಾರ ದಿನಾ ಸಂಜೆ ನಾಲ್ಕು ಕಾಲಿನ ಮೇಲೆ ನಡೆದು ಕೆಳಗೆ ಹೋಗುತ್ತಿದೆ. ಮಣ್ಣು, ನೀರು, ಗೊಬ್ಬರ ಎಲ್ಲವೂ ಇಳಿಯುತ್ತದೆ, ಮೇಲೆ ಹತ್ತುವುದು ಏನೂ ಇಲ್ಲ. ನಿಮ್ಮ ಮಡ್ಡಿ ಹುಟ್ಟಾ ಬಂಜೆ ಅಲ್ಲ. ತಲೆಮಾರುಗಳಿಂದ ಕೊಟ್ಟು ಕೊಟ್ಟು ಖಾಲಿಯಾದದ್ದು. ಹಾಗಾಗಿ ನನ್ನ ಸಲಹೆಯ ತಿರುಳು ಒಂದೇ: ಹೊರಗಿನಿಂದ ತಂದು ಹಾಕುವುದಕ್ಕಿಂತ ಮೊದಲು, ಇಳಿದು ಹೋಗುತ್ತಿರುವುದನ್ನು ಅಲ್ಲೇ ನಿಲ್ಲಿಸಿ.

ಈಗ ಕಲ್ಲಿನ ಮಾತು. ಇಲ್ಲಿ ನನ್ನದೇ ತಪ್ಪು ಒಪ್ಪಿಕೊಳ್ಳಬೇಕು. ಮಣ್ಣು ಸಮೀಕ್ಷೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಕ್ಕಲಕೋಟೆ ಕಡೆಯ ನಮ್ಮ ಸೋದರಮಾವನ ಮಡ್ಡಿ ಹೊಲದಲ್ಲಿ ಕಲ್ಲು ಆರಿಸಲು ನಾನೇ ಹೇಳಿದೆ. ಎರಡು ಬೇಸಿಗೆ ಆಳು ಹಚ್ಚಿ ಆರಿಸಿದರು. ಹೊಲ ಕನ್ನಡಿಯಂತಾಯಿತು. ನಾನೂ ಹಿಗ್ಗಿದೆ. ಮೃಗಶಿರಾ ಮಳೆ ಒಂದು ತಾಸು ರಪರಪ ಹೊಡೆಯಿತು. ಬರಿಯ ಮಣ್ಣಿನ ಮೇಲೆ ಹನಿ ಬಿದ್ದು ಮೇಲ್ಮೈ ಸಿಮೆಂಟಿನಂತೆ ಕಟ್ಟಿತು. ನೀರು ಇಂಗಲೇ ಇಲ್ಲ. ಮೂರು ಕಡೆ ಕೊರಕಲು ಬಿದ್ದು, ಇದ್ದ ಅರ್ಧ ಗೇಣು ಮಣ್ಣಿನಲ್ಲಿ ಒಳ್ಳೆಯದೆಲ್ಲ ಹಳ್ಳಕ್ಕೆ ಹೋಯಿತು. ಮಾವ ಏನೂ ಅನ್ನಲಿಲ್ಲ. ‘ಕಲ್ಲು ಅಂದರೆ ಹೊಲದ ಕಂಬಳಿ ಇದ್ದಂಗ’ ಅಂತ ಅವರಪ್ಪ ಹೇಳುತ್ತಿದ್ದರಂತೆ. ಅದನ್ನು ನನಗೆ ಆಮೇಲೆ ಹೇಳಿದರು, ಅದೂ ನಗುತ್ತಾ.

ಕಂಬಳಿ ಅನ್ನುವುದು ಬಹಳ ಸರಿಯಾದ ಮಾತು. ಮೇಲೆ ಹರಡಿದ ಕಲ್ಲು ಮಳೆ ಹನಿಯ ಏಟು ತಾನು ತಿನ್ನುತ್ತದೆ. ಹರಿಯುವ ನೀರಿನ ಓಟ ತಡೆಯುತ್ತದೆ. ಬಿಸಿಲಿಗೆ ಕೆಳಗಿನ ತೇವ ಆರದಂತೆ ಮುಚ್ಚುತ್ತದೆ. ಬೇಸಿಗೆಯಲ್ಲಿ ಒಂದು ದೊಡ್ಡ ಕಲ್ಲು ಎತ್ತಿ ನೋಡಿ, ಕೆಳಗೆ ಇನ್ನೂ ಸ್ವಲ್ಪ ತಂಪು ಇರುತ್ತದೆ, ಇರುವೆಯೋ ಚೇಳೋ ಮನೆ ಮಾಡಿರುತ್ತದೆ. (ಎತ್ತುವಾಗ ಕೈ ಜೋಕೆ.) ಆದರೆ ಇದು ಮೇಲಿನ ಕಲ್ಲಿನ ಮಾತು. ಮಣ್ಣಿನ ಒಳಗೆ ಬೆರೆತ ಗರಸಿನ ಕತೆ ಬೇರೆ. ಅದು ನೀರಿನ ಜಾಗ ನುಂಗುತ್ತದೆ. ಮೇಲಿನದು ಕಾವಲುಗಾರ, ಒಳಗಿನದು ಬಾಡಿಗೆ ಕೊಡದೆ ಕೂತ ಬಾಡಿಗೆದಾರ.

ನಿಮ್ಮ ಕಾರ್ಡಿನ ‘ಮಧ್ಯಮ’ದ ಗುಟ್ಟೂ ಇಲ್ಲೇ ಇದೆ. 2015ರಲ್ಲಿ ಮಣ್ಣು ಆರೋಗ್ಯ ಕಾರ್ಡಿನ ಯೋಜನೆ ಶುರುವಾದ ಮೇಲೆ ಇಂಥ ಪ್ರಶ್ನೆ ನನಗೆ ಬಹಳ ಬಂದಿವೆ. ಪ್ರಯೋಗಾಲಯದಲ್ಲಿ ಮೊದಲು ಮಣ್ಣನ್ನು 2 ಮಿಲಿಮೀಟರ್ ಜರಡಿಯಲ್ಲಿ ಸೋಸುತ್ತಾರೆ. ಮೇಲೆ ಉಳಿದದ್ದನ್ನು ಚೆಲ್ಲುತ್ತಾರೆ. ಕೆಳಗೆ ಬಿದ್ದ ಸಣ್ಣ ಮಣ್ಣಿನದಷ್ಟೇ ಪರೀಕ್ಷೆ. ಎರಿ ಹೊಲಕ್ಕೆ ಇದು ಸರಿ, ಅಲ್ಲಿ ಚೆಲ್ಲುವಂಥದ್ದು ಏನೂ ಇರುವುದಿಲ್ಲ. ಮಡ್ಡಿಯಲ್ಲಿ ಅರ್ಧ ಮಣ್ಣೇ ಜರಡಿಯ ಮೇಲೆ ಉಳಿಯುತ್ತದೆ. ಅಂದರೆ ನಿಮ್ಮ ಹೊಲದ ಅರ್ಧ ಭಾಗ ಪರೀಕ್ಷೆಗೆ ಹಾಜರೇ ಆಗಿಲ್ಲ. ಸಾರು ರುಚಿಯಾಗಿದೆ ಅಂತ ಕಾರ್ಡು ಹೇಳುತ್ತದೆ, ಬಟ್ಟಲು ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ.

ಆ ಬಟ್ಟಲಿನ ಅಳತೆ ನೀವೇ ಮಾಡಿಕೊಳ್ಳಬಹುದು, ಯಾವ ಯಂತ್ರವೂ ಬೇಡ. ಒಂದು ಮೊಳ ಅಗಲದ ಗುಂಡಿ ತೋಡಿ. ತೋಡಿದ್ದನ್ನೆಲ್ಲ ತಾಡಪತ್ರಿಯ ಮೇಲೆ ಹಾಕಿ, ಒಂದು ಹಿಡಿಯೂ ಆಚೆ ಹೋಗಬಾರದು. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಲೀಟರ್ ಲೆಕ್ಕದಲ್ಲಿ ನೀರು ಸುರಿದು ಬಾಯಿಯವರೆಗೆ ತುಂಬಿಸಿ. ಅದು ಗುಂಡಿಯ ಒಟ್ಟು ಗಾತ್ರ. ಆಮೇಲೆ ತೆಗೆದ ಮಣ್ಣನ್ನು ಸಾಣಿಗೆ ಹಿಡಿದು, ಉಳಿದ ಕಲ್ಲು ಗರಸನ್ನು ತೊಳೆಯಿರಿ. ಬಾಯಿತನಕ ನೀರು ತುಂಬಿದ ಕೊಡಕ್ಕೆ ಅದನ್ನು ನಿಧಾನ ಹಾಕಿ. ಹೊರಗೆ ಚೆಲ್ಲಿದ ನೀರನ್ನು ಹಿಡಿದು ಅಳೆಯಿರಿ. ಅದು ಕಲ್ಲಿನ ಗಾತ್ರ. ಗುಂಡಿ 20 ಲೀಟರ್, ಕಲ್ಲು 8 ಲೀಟರ್ ಬಂದರೆ ನೂರಕ್ಕೆ 40 ಭಾಗ ಕಲ್ಲು. ಮಣ್ಣಿನ ಸಮೀಕ್ಷೆಯವರ ಲೆಕ್ಕದಲ್ಲಿ 15ರಿಂದ 35 ಇದ್ದರೆ ಗರಸು ಮಣ್ಣು, 35ರಿಂದ 60 ಇದ್ದರೆ ಭಾರಿ ಗರಸು, ಅದಕ್ಕೂ ಮೇಲೆ ಹೋದರೆ ಅತಿ ಗರಸು.

ಈಗ ಲೆಕ್ಕ ನೋಡಿ. ಒಳ್ಳೆಯ ಜಿಗುಟು ಮಿಶ್ರ ಮಣ್ಣು ಒಂದು ಸೆಂಟಿಮೀಟರ್ ಆಳದಲ್ಲಿ ಬೇರಿಗೆ ಸಿಗುವಂಥ ನೀರನ್ನು ಸುಮಾರು ಒಂದೂವರೆ ಮಿಲಿಮೀಟರ್ ಹಿಡಿದಿಡುತ್ತದೆ. ನಿಮ್ಮ ಮಣ್ಣಿನ ಆಳ 30 ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ. ಅದರಲ್ಲಿ 40 ಭಾಗ ಕಲ್ಲು ಹೋದರೆ ನಿಜವಾದ ಮಣ್ಣು 18 ಸೆಂಟಿಮೀಟರ್. ಹಿಡಿಯುವ ನೀರು 27 ಮಿಲಿಮೀಟರ್. ಮಳೆಗಾಲದಲ್ಲೂ ಹಸಿರು ಬೆಳೆ ದಿನಕ್ಕೆ 4-5 ಮಿಲಿಮೀಟರ್ ನೀರು ಕುಡಿಯುತ್ತದೆ. ಅಂದರೆ ಎಷ್ಟೇ ದೊಡ್ಡ ಮಳೆ ಬರಲಿ, ಆರು ದಿನಕ್ಕೆ ಬಟ್ಟಲು ಖಾಲಿ. ಒಂದು ಮೀಟರ್ ಆಳದ ಎರಿ 150ರಿಂದ 200 ಮಿಲಿಮೀಟರ್ ಹಿಡಿಯುತ್ತದೆ. ಅದಕ್ಕೇ ಅಲ್ಲಿ ಮಳೆ ನಿಂತ ಮೇಲೆ ಬಿತ್ತಿದ ಬಿಳಿಜೋಳ ಬರಿಯ ನೆಲದ ತೇವದಲ್ಲೇ ತೆನೆ ಕಟ್ಟುತ್ತದೆ. ನಿಮ್ಮಲ್ಲಿ ಎರಡು ಮಳೆಯ ನಡುವೆ ಎಂಟು ದಿನ ಬಿಟ್ಟರೆ ಹುಲ್ಲೂ ಬಾಡುತ್ತದೆ. ಫಲವತ್ತತೆ ಆಮೇಲಿನ ಮಾತು, ಮೊದಲು ಇದು.

ಒಂದು ಸಮಾಧಾನವೂ ಇದೆ. ಗರಸೆಲ್ಲ ಒಂದೇ ತರಹ ಅಲ್ಲ. ಹತ್ತಿರದ ಯಾವುದಾದರೂ ತೋಡು ಬಾವಿಯ ಗೋಡೆ ನೋಡಿ. ಮೇಲೆ ಗೇಣುದ್ದ ಮಣ್ಣು, ಅದರ ಕೆಳಗೆ ಉಳ್ಳಾಗಡ್ಡಿಯಂತೆ ಸಿಪ್ಪೆ ಸಿಪ್ಪೆಯಾಗಿ ಬಿಡುವ ಉಂಡೆಗಳು. ನಡುವೆ ಗಟ್ಟಿ ಕರಿಗುಂಡು, ಸುತ್ತ ಕಂದು ಪುಡಿ. ಕರಿಕಲ್ಲು ಕೊಳೆಯುವ ರೀತಿಯೇ ಹಾಗೆ, ಬಿರುಕಿನಲ್ಲಿ ಇಳಿದ ನೀರು ಮೂಲೆಗಳನ್ನು ಮೊದಲು ತಿಂದು ಗುಂಡಗೆ ಮಾಡುತ್ತದೆ. ಈ ಮೆತ್ತಗಿನ ಗರಸು ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಅದೂ ಅಷ್ಟಿಷ್ಟು ನೀರು ಹಿಡಿಯುತ್ತದೆ, ಮರದ ಬೇರು ಅದರೊಳಗೆ ನುಗ್ಗುತ್ತದೆ. ಬೇವು, ಬೋರೆ, ಸೀತಾಫಲ ಮಡ್ಡಿಯಲ್ಲಿ ಬದುಕುವ ಗುಟ್ಟು ಅದು. ಸಜ್ಜೆಯ ಬೇರು ಅಷ್ಟು ದೂರ ಹೋಗಲಾರದು. ಹಾರೆ ಹಾಕಿದರೆ ‘ಠಣ್’ ಅನ್ನುವ ಗಟ್ಟಿ ಬಂಡೆ ಬಂತೋ, ಅಲ್ಲಿಗೆ ಮರದ ಆಸೆಯನ್ನೂ ಬಿಡಿ.

ಗುಂಡಿ ತೋಡಿದಾಗ ಇನ್ನೊಂದು ನೋಡಿ. ಕಲ್ಲಿನ ಹೊಟ್ಟೆಯ ಕಡೆ, ಅಂದರೆ ಕೆಳಮುಖದಲ್ಲಿ, ಬಿಳಿ ಪೊರೆ ಅಂಟಿದೆಯೇ? ಅದು ಸುಣ್ಣ. ಮಳೆ ಕಡಿಮೆ ಇರುವ ಕಡೆ ನೀರು ಸುಣ್ಣವನ್ನು ಕರಗಿಸಿ ಕೆಳಗೆ ಒಯ್ಯುತ್ತದೆ, ಪೂರ್ತಿ ತೊಳೆದು ಹಾಕುವಷ್ಟು ಶಕ್ತಿ ಇರುವುದಿಲ್ಲ. ಕಲ್ಲಿನ ತಳದಲ್ಲಿ ನಿಂತು ಆರಿದಾಗ ಪೊರೆ ಕಟ್ಟುತ್ತದೆ. ನಿಂಬೆರಸ ಹಿಂಡಿ ನೋಡಿ, ಗುಳ್ಳೆ ಏಳಬಹುದು. ಪೊರೆ ಎಷ್ಟು ಆಳದಲ್ಲಿ ಸಿಗುತ್ತದೋ, ಬಹುಮಟ್ಟಿಗೆ ಮಳೆ ನೀರು ಅಲ್ಲಿಯವರೆಗೆ ಇಳಿದು ನಿಲ್ಲುತ್ತದೆ ಅಂತ ಅರ್ಥ. ನೂರು ವರ್ಷದ ಮಳೆ ಲೆಕ್ಕ ಕಲ್ಲಿನ ಹೊಟ್ಟೆಯ ಮೇಲೆ ಬರೆದಂತೆ! ಜೆಸಿಬಿ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಬಕೆಟ್ ಹಾಕಿ ಮಗುಚಿದರೆ ಆ ಸುಣ್ಣದ ಗರಸು ಮೇಲೆ ಬರುತ್ತದೆ, ಇದ್ದಷ್ಟು ಒಳ್ಳೆಯ ಮಣ್ಣು ಕೆಳಗೆ ಹೂತು ಹೋಗುತ್ತದೆ. ಸುಣ್ಣ ಜಾಸ್ತಿಯಾದ ಕಡೆ ರಂಜಕ ಗಿಡಕ್ಕೆ ಸಿಗುವುದಿಲ್ಲ, ಸತು ಸಿಗುವುದಿಲ್ಲ. ಮಣ್ಣಿನಲ್ಲಿ ಕಬ್ಬಿಣ ರಾಶಿ ಇದ್ದರೂ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ತಾಸಗಾಂವ ಕಡೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಿ, ಈ ಹಳದಿ ಎಲೆಯ ಕಾಟ ಅವರಿಗೆ ಚೆನ್ನಾಗಿ ಗೊತ್ತು.

ಹೂಳಿನ ವಿಷಯ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಕೆರೆ ಬಂಧಾರಗಳ ಹೂಳನ್ನು ಹೊಲಕ್ಕೆ ಹಾಕುವ ಯೋಜನೆ ತಂದಿತು. ಯೋಚನೆ ಒಳ್ಳೆಯದೇ. ಇಳಿದು ಹೋದ ಮಣ್ಣನ್ನು ಮತ್ತೆ ಮೇಲೆ ತರುವುದು ತಾನೇ? ಆದರೆ ಲೆಕ್ಕ ಹಾಕಿ. ಒಂದು ಎಕರೆಗೆ ಒಂದು ಇಂಚು ಹೂಳು ಅಂದರೆ ಸುಮಾರು 100 ಘನ ಮೀಟರ್. ಒಂದು ಟ್ರ್ಯಾಲಿಗೆ 3 ಘನ ಮೀಟರ್ ಹಿಡಿದರೆ 33-34 ಟ್ರಿಪ್. 12 ಎಕರೆಗೆ 400 ಟ್ರಿಪ್. ಅಷ್ಟು ಖರ್ಚು ಮಾಡಿ ಸಿಗುವುದು ಒಂದೇ ಇಂಚು. ಇಳಿಜಾರಿನಲ್ಲಿ ಒಡ್ಡು ಇಲ್ಲದೆ ಹಾಕಿದರೆ ಎರಡು ಮಳೆಗೆ ಅದೂ ಡೋಣಿಗೆ. ಇನ್ನೊಂದು ಸೂಕ್ಷ್ಮ ಇದೆ. ಜಿಗುಟು ಹೂಳನ್ನು ಗರಸಿನ ಮೇಲೆ ದಪ್ಪಗೆ ಹರಡಿ ಹಾಗೇ ಬಿಟ್ಟರೆ ನೀರು ಎರಡರ ನಡುವೆ ತಡೆಯುತ್ತದೆ. ಮೇಲಿನ ಸಣ್ಣ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಕೆಳಗಿನ ದಪ್ಪ ಗರಸಿಗೆ ಹನಿ ಬಿಡುವುದಿಲ್ಲ. ಬೇರು ಕೆಸರಲ್ಲಿ ನಿಲ್ಲುತ್ತದೆ. ಹಾಗಾಗಿ ಹೂಳನ್ನು ಬೆರೆಸಬೇಕು, ಹಾಸಬಾರದು. ತರುವ ಮೊದಲು ಆ ಹೂಳಿನ ಉಪ್ಪಿನಂಶ ಪರೀಕ್ಷೆ ಮಾಡಿಸಿ. ಉಪ್ಪು ಎಲ್ಲಿಗೆ ಇಳಿಯುತ್ತದೆ ಅಂತ ಈಗಾಗಲೇ ಹೇಳಿದೆನಲ್ಲ.

ದಾಳಿಂಬೆಗೆ ಬಂದರೆ, ಗರಸು ಅದಕ್ಕೆ ಶತ್ರು ಅಲ್ಲ. ನಿಮ್ಮ ಪಕ್ಕದ ಸಾಂಗೋಲೆಯಲ್ಲಿ ಬಂಗಾರದಂಥ ದಾಳಿಂಬೆ ಬಂದದ್ದು ಇಂಥ ತೆಳು ನೆಲದಲ್ಲೇ. ನೀರು ನಿಲ್ಲದ ಮಣ್ಣು ಅದಕ್ಕೆ ಇಷ್ಟ. ಆದ್ದರಿಂದ ನಿಮ್ಮ ಹೊಲದ ಕೆಳತುದಿಯಲ್ಲಿ, ಮಣ್ಣು ಎಲ್ಲಕ್ಕಿಂತ ಆಳ ಇರುವ ಕಡೆ, ಎರಡು ಎಕರೆ ಮಾಡಿ. ಇಡೀ ಹೊಲ ಅಗೆಯದೆ ಸಾಲಿನ ಉದ್ದಕ್ಕೂ ಚರಿ, ಅಂದರೆ ಉದ್ದನೆಯ ಗುಂಡಿ, ತೋಡಿಸಿ. ಇಷ್ಟಕ್ಕೆ ಬೇಕಾದರೆ ಜೆಸಿಬಿ ಕರೆಸಿ, ನನ್ನ ತಕರಾರಿಲ್ಲ. ಮೇಲಿನ ಮಣ್ಣು ಒಂದು ಕಡೆ, ಸುಣ್ಣದ ಗರಸು ಇನ್ನೊಂದು ಕಡೆ ಹಾಕಿಸಿ. ತುಂಬುವಾಗ ಮೇಲಿನ ಮಣ್ಣು, ಹೂಳು, ಕೊಳೆತ ಕುರಿ ಗೊಬ್ಬರ, ಮೆತ್ತಗಿನ ಗರಸು ಬೆರೆಸಿ ತುಂಬಿ. ಸುಣ್ಣದ ಗರಸನ್ನು ಒಡ್ಡಿಗೆ ಬಳಸಿ. ಆದರೆ ಏಪ್ರಿಲ್-ಮೇ ತಿಂಗಳಿಗೆ ನೀರು ಎಲ್ಲಿಂದ ಅನ್ನುವ ಪ್ರಶ್ನೆಗೆ ನಿಮ್ಮ ಪತ್ರದಲ್ಲಿ ಉತ್ತರ ಇಲ್ಲ. ಕೃಷ್ಣಾ ನದಿಯ ನೀರೆತ್ತುವ ಮ್ಹೈಸಾಳ ಯೋಜನೆಯ ಕಾಲುವೆ ಬರುತ್ತದೆ ಅಂತ ನಂಬಿ ಗಿಡ ಹಚ್ಚಬೇಡಿ, ಬಂದ ಮೇಲೆ ಹಚ್ಚಿ. 2022ರಲ್ಲಿ ನಿಮ್ಮ ತಾಲೂಕಿನ ಸುಮಾರು 40 ಹಳ್ಳಿಗಳ ಹೆಸರು ಮಹಾರಾಷ್ಟ್ರ-ಕರ್ನಾಟಕ ಗಡಿ ಜಗಳದಲ್ಲಿ ಪೇಪರಿಗೆ ಬಂದದ್ದೂ ಮೂಲದಲ್ಲಿ ಈ ನೀರಿನಿಂದಲೇ ಅಲ್ವಾ? ಮತ್ತೆ ದಾಳಿಂಬೆಗೆ ಮಳೆಗಾಲದಲ್ಲಿ ದುಂಡಾಣು ಅಂಗಮಾರಿ ಹತ್ತಿದರೆ ತೋಟಕ್ಕೆ ತೋಟವೇ ಹೋಗುತ್ತದೆ. ಸೊಲ್ಲಾಪುರದಲ್ಲಿ 2005ರಿಂದ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ಸಸಿ ಕೊಳ್ಳುವ ಮುಂಚೆ ಒಂದು ದಿನ ಅಲ್ಲಿಗೆ ಹೋಗಿ ಬನ್ನಿ. ನೀರಿನ ಭರವಸೆ ಇಲ್ಲದಿದ್ದರೆ ಸೀತಾಫಲ, ಇಲ್ಲವೇ ಹೊಲದಲ್ಲಿ ತಾನಾಗಿ ಎದ್ದ ಬೋರೆ ಗಿಡಕ್ಕೆ ಉಮ್ರಾನ್ ತಳಿಯ ಕಣ್ಣು ಕಸಿ. ಬೇರು ಆಗಲೇ ಬಂಡೆಯ ಸಂದಿ ಹುಡುಕಿಕೊಂಡಿರುತ್ತದೆ, ನಿಮಗೆ ಅರ್ಧ ಕೆಲಸ ಉಳಿಯಿತು.

ಉಳಿದ ಎಂಟು ಹತ್ತು ಎಕರೆ? ಅದು ಹುಲ್ಲಿನ ನೆಲ. ಉತಾರದಲ್ಲಿ ಪೋಟಖರಾಬ ಅಂತ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಉಳುಮೆಗೆ ಬಾರದು, ಕಂದಾಯ ಕಟ್ಟಬೇಕಿಲ್ಲ ಅನ್ನುವ ಲೆಕ್ಕದ ಶಬ್ದ ಅದು. ಅಮೆರಿಕದ ನೆವಾಡಾ, ಐಡಾಹೊ ಕಡೆಯ ಒಣ ಬೆಟ್ಟಗಳಲ್ಲೂ ಜ್ವಾಲಾಮುಖಿ ಕಲ್ಲಿನ ಮೇಲೆ ಇಂಥದೇ ಗರಸು ಮಣ್ಣು ಇದೆ. ಅಲ್ಲಿನ ಮಣ್ಣು ಸಮೀಕ್ಷೆಯವರು ಅದರ ಮುಂದೆ ‘ಮೇಯಿಸುವ ನೆಲ’ ಅಂತಲೇ ಬರೆಯುತ್ತಾರೆ, ಖರಾಬು ಅನ್ನುವುದಿಲ್ಲ. ಅಲ್ಲಿ ಚಳಿಗಾಲದ ಹಿಮ ನಿಧಾನ ಕರಗಿ ಇಂಗುತ್ತದೆ, ಅಷ್ಟು ಅನುಕೂಲ ಅವರಿಗೆ. ನಮ್ಮಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ. ಅದಕ್ಕೇ ನಮಗೆ ಚರಿ ಬೇಕು.

ಈಗ ನಿಮ್ಮ ಅಪ್ಪನ ಲೆಕ್ಕ. ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ, ಒಂದು ಮೀಟರ್ ಚೌಕದ ಹುಲ್ಲು ಕೊಯ್ದು ತೂಕ ಮಾಡಿ. ಹತ್ತು ಕಡೆ ಹೀಗೆ ಮಾಡಿ ಸರಾಸರಿ ತೆಗೆಯಿರಿ. 100 ಗ್ರಾಂ ಬಂತು ಅನ್ನಿ. ಅಂದರೆ ಎಕರೆಗೆ ಸುಮಾರು 400 ಕಿಲೋ. ಎಂಟು ಎಕರೆಗೆ 3,200 ಕಿಲೋ. ಅದರಲ್ಲಿ ಅರ್ಧ ಬಿಡಲೇಬೇಕು, ಬುಡ ಉಳಿಯಲು, ನೆಲ ಮುಚ್ಚಲು. ಉಳಿದದ್ದು 1,600 ಕಿಲೋ. ಒಂದು ದೊಡ್ಡ ಕುರಿ ದಿನಕ್ಕೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ಒಣ ಮೇವು ತಿನ್ನುತ್ತದೆ. 40 ಕುರಿಗೆ 44 ಕಿಲೋ. ಭಾಗಿಸಿದರೆ 36 ದಿನ. ವರ್ಷವಿಡೀ ಇಡುವುದಾದರೆ ನಾಲ್ಕು ಕುರಿ! ನಿಮ್ಮ ಅಪ್ಪನಿಗೆ ಇದು ಗೊತ್ತಿಲ್ಲ ಅಂತಲ್ಲ. ಕುರುಬರು ಹಿಂಡು ಹೊಡೆದುಕೊಂಡು ನಾಡು ಸುತ್ತುವುದು ಈ ಲೆಕ್ಕ ಗೊತ್ತಿರುವುದರಿಂದಲೇ. ಆದರೆ ಹಿಂಡು ಊರಲ್ಲಿ ಇದ್ದಾಗ ಮೊದಲ ಮಳೆಗೆ ಎದ್ದ ಎಳೆ ಹುಲ್ಲಿನ ಮೇಲೇ ಬಿಟ್ಟುಬಿಡುತ್ತಾರೆ. ತಪ್ಪುವುದು ಅಲ್ಲಿ.

ಈ ದಖನಿನ ಮಡ್ಡಿಯಲ್ಲಿ ಮೂಲದಲ್ಲಿ ಇದ್ದದ್ದು ಸೆಹಿಮಾ, ಮಾರ್ವೆಲ್ ತರಹದ ಬಹುವರ್ಷದ ರುಚಿ ಹುಲ್ಲು. ಕುರಿ ಮೊದಲು ಅದನ್ನೇ ಹುಡುಕಿ ತಿನ್ನುತ್ತವೆ. ಬೀಜ ಕಟ್ಟಲು ಬಿಡದಿದ್ದರೆ ಅದು ಸೋಲುತ್ತದೆ, ಧೋತರಕ್ಕೆ ಉಣ್ಣೆಗೆ ಚುಚ್ಚಿಕೊಳ್ಳುವ ಈಟಿ ಬೀಜದ ಹುಲ್ಲು ಬರುತ್ತದೆ, ಮರಾಠಿಯವರು ಕುಸಳಿ ಅನ್ನುತ್ತಾರಲ್ಲ, ಅದು. ಅದನ್ನೂ ಸುಟ್ಟು, ಮೇಯಿಸಿ ದಣಿಸಿದರೆ ಕೊನೆಗೆ ಒಂದೇ ಮಳೆಗಾಲ ಬದುಕುವ ಕಡ್ಡಿಯಂಥ ಹುಲ್ಲು, ಜೊತೆಗೆ ತಂಗಡಿ ಗಿಡ. ನಿಮ್ಮ ಮಡ್ಡಿ ಈ ಮೆಟ್ಟಿಲಿನ ಯಾವ ಹಂತದಲ್ಲಿದೆ ಅಂತ ಅಪ್ಪನನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಮೇಲೆ ಹತ್ತಿಸಲು ದಾರಿ ಸರಳ: ಎಂಟು ಎಕರೆಯನ್ನು ಮೂರು ತುಂಡು ಮಾಡಿ, ಪ್ರತಿ ವರ್ಷ ಒಂದು ತುಂಡಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಕುರಿ ಕಾಲಿಡಬಾರದು. ಬೀಜ ಉದುರಿದ ಮೇಲೆ ಕೊಯ್ದು ಹಾಕಿ ಅಥವಾ ಮೇಯಿಸಿ. ಖಾಲಿ ಜಾಗಕ್ಕೆ ಅಂಜನ ಹುಲ್ಲು, ಸ್ಟೈಲೋ ಅನ್ನುವ ಮೇವಿನ ಗಿಡದ ಬೀಜವನ್ನು ಸಗಣಿ ಮಣ್ಣಿನಲ್ಲಿ ಉಂಡೆ ಕಟ್ಟಿ ಮೊದಲ ಮಳೆಗೆ ಎಸೆಯಿರಿ. ಉಳುವುದು ಬೇಡ. ಬೆಂಕಿ ಬೇಡವೇ ಬೇಡ. ಮತ್ತೆ ವರ್ಷದಲ್ಲಿ ಹತ್ತು ಹದಿನೈದು ರಾತ್ರಿಯಾದರೂ ನಿಮ್ಮ ಕುರಿಗಳನ್ನು ನಿಮ್ಮ ಮಡ್ಡಿಯಲ್ಲೇ ತರುಬಿ, ಜಾಗ ಬದಲಿಸುತ್ತಾ. ಹಿಕ್ಕೆ ಅಲ್ಲೇ ಬೀಳಲಿ. ನಿಮ್ಮವು ಮಾಡಗ್ಯಾಳ ತಳಿಯಾ ಅಂತ ಬರೆದಿಲ್ಲ. ಆಗಿದ್ದರೆ ಸಂಖ್ಯೆ ಕಡಿಮೆ ಮಾಡಿ ಒಳ್ಳೆಯ ಟಗರು ಸಾಕುವುದು ಜಾಣತನ. ಆ ತಳಿ ನಿಮ್ಮ ತಾಲೂಕಿನದೇ, ಅದರ ಬೆಲೆ ನಾನು ನಿಮಗೆ ಹೇಳಬೇಕಿಲ್ಲ.

ಚರಿಯ ಕೆಲಸ ಮೇಲಿನ ತುದಿಯಿಂದ ಶುರು ಮಾಡಿ, ಕೆಳಗಿನಿಂದಲ್ಲ. ಮೂರು ಕೋಲು ಕಟ್ಟಿ ‘ಎ’ ಆಕಾರ ಮಾಡಿ, ನಡುವೆ ದಾರದಲ್ಲಿ ಕಲ್ಲು ತೂಗುಬಿಟ್ಟರೆ ಮಟ್ಟ ಹಿಡಿಯುವ ಸಾಧನ ಆಯಿತು. ಅದರಿಂದ ಸಮಮಟ್ಟದ ಗೆರೆ ಹಾಕಿ, ಎರಡು ಅಡಿ ಅಗಲ ಒಂದು ಅಡಿ ಆಳ ಚರಿ ತೋಡಿ. ತೆಗೆದ ಗರಸನ್ನು ಕೆಳಬದಿಗೆ ಹಾಕಿ, ಅದರ ಮೇಲೆ ಗ್ಲಿರಿಸಿಡಿಯಾ ಹಚ್ಚಿ. ಆರಿಸಬೇಕೆಂದಿದ್ದ ಕಲ್ಲಿನಲ್ಲಿ ಕೊರಕಲು ಇರುವ ಕಡೆ ಮಾತ್ರ ಒಡ್ಡು ಕಟ್ಟಿ. ಗರಸು ನೀರನ್ನು ಹೆಚ್ಚು ಹಿಡಿದಿಡದಿದ್ದರೂ ಇಂಗಿಸುವುದರಲ್ಲಿ ಗಟ್ಟಿಗ. ನಿಮ್ಮ ಸೀಮೆಯ ಬಾವಿಗಳ ನೀರು ಇರುವುದೇ ಗರಸಿನ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಕೆಳಗಿನ ಗಟ್ಟಿ ಕರಿಕಲ್ಲಿಗೆ ಎಷ್ಟು ಅಡಿ ಬೋರ್ ಹೊಡೆದರೂ ಎಷ್ಟೋ ಸಲ ಬರಿ ಧೂಳು ಬರುವುದು ಅದಕ್ಕೇ. ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ಹಿವರೆ ಬಜಾರ ಅನ್ನುವ ಹಳ್ಳಿಯವರು ಇದೇ ತರಹದ ಒಣ ಗುಡ್ಡದಲ್ಲಿ 1990ರ ದಶಕದಿಂದ ಚರಿ ತೋಡಿ, ಬಿಟ್ಟಿ ಮೇಯಿಸುವುದನ್ನೂ ಕೊಡಲಿ ಹಾಕುವುದನ್ನೂ ನಿಲ್ಲಿಸಿ, ಬೇಸಾಯಕ್ಕೆ ಬೋರ್ ಬೇಡ ಅಂತ ಊರೇ ಕೂತು ನಿರ್ಧಾರ ಮಾಡಿ ಬಾವಿ ತುಂಬಿಸಿಕೊಂಡರು. ಒಬ್ಬರ 12 ಎಕರೆಯಿಂದ ಅಷ್ಟೆಲ್ಲ ಆಗದು. ನಿಮ್ಮ ಎರಡು ಎಕರೆ ದಾಳಿಂಬೆಯ ಪಕ್ಕದ ಬಾವಿ ಒಂದು ತಿಂಗಳು ಹೆಚ್ಚು ನಿಂತರೂ ಲಾಭವೇ. ಬಾವಿ ಇಲ್ಲದಿದ್ದರೆ ತೋಡುವ ಜಾಗ ಅದೇ, ಕೆಳತುದಿ.

ಸದ್ಯಕ್ಕೆ ಮಳೆಗೆ ಮುಂಚೆ ಮೂರು ಗುಂಡಿ ತೋಡಿ. ಒಂದು ಮೇಲಿನ ತುದಿಯಲ್ಲಿ, ಒಂದು ನಡುವೆ, ಒಂದು ಕೆಳಗೆ. ಪ್ರತಿಯೊಂದರಲ್ಲೂ ಮಣ್ಣಿನ ಆಳ, ಕಲ್ಲಿನ ಪಾಲು, ಬಿಳಿ ಪೊರೆ ಸಿಕ್ಕ ಆಳ, ಹಾರೆ ‘ಠಣ್’ ಅಂದ ಆಳ ಬರೆದು ಕಳಿಸಿ. ಕೆಳಗಿನ ಗುಂಡಿಯಲ್ಲಿ ಎರಡು ಅಡಿಯೊಳಗೆ ಗಟ್ಟಿ ಬಂಡೆ ಸಿಕ್ಕರೆ ದಾಳಿಂಬೆಯ ಮಾತನ್ನು ಹೊಸದಾಗಿ ಆಡಬೇಕಾಗುತ್ತದೆ. ಗುಂಡಿಗಳ ಸುತ್ತ ಮುಳ್ಳುಕಂಟಿ ಹಾಕಲು ಮರೆಯಬೇಡಿ. ನಮ್ಮ ಸಮೀಕ್ಷೆಯ ಗುಂಡಿಗೆ ಒಮ್ಮೆ ಕುರಿಮರಿ ಬಿದ್ದು ಕಾಲು ಮುರಿದುಕೊಂಡಿತ್ತು, ಆ ಅಜ್ಜಿಯ ಬೈಗುಳ ನನಗೆ ಇನ್ನೂ ನೆನಪಿದೆ.